ಬಾರದ ಅರ್ಜಿಗಳ ಲೆಕ್ಕ ಯಾರ ಬಳಿ ಇದೆ?

ಕಲೆಗೆ ಕೊಡುವ ಅನುದಾನದ ಬಗ್ಗೆ ಚೆನ್ನೈಯಲ್ಲಿ ಒಂದು ನಂಬಿಕೆ ಬೇರುಬಿಟ್ಟಿದೆ. ಬೆಂಗಳೂರಿನಲ್ಲೂ ಅದೇ ನಂಬಿಕೆ. ದೆಹಲಿಯಲ್ಲಂತೂ ಅದು ಕಚೇರಿಯ ಮಾತೇ ಆಗಿಹೋಗಿದೆ. ಅರ್ಹತೆ ಇರುವಲ್ಲಿಗೆ ಹಣ ಹೋಗುತ್ತದೆ, ಒಂದು ಪ್ರದೇಶದ ಅರ್ಜಿಗಳು ಹೆಚ್ಚು ಗೆಲ್ಲುತ್ತಿದ್ದರೆ ಅಲ್ಲಿ ಒಳ್ಳೆಯ ಕೆಲಸ ಹೆಚ್ಚು ನಡೆಯುತ್ತಿದೆ ಎಂದರ್ಥ, ಗೆಲ್ಲದವರು ಅರ್ಜಿ ಬರೆಯುವುದನ್ನು ಕಲಿಯಲಿ ಎಂಬುದು ಅದರ ಸಾರ. ಸಭಾಗಳ ಪದಾಧಿಕಾರಿಗಳು, ಆಯ್ಕೆ ಸಮಿತಿಗಳಲ್ಲಿ ಕೂತು ಬಂದ ವಿದ್ವಾಂಸರು, ಸಂಸ್ಕೃತಿ ಇಲಾಖೆಯವರು, ಹಿಂದೆ ಅನುದಾನ ಪಡೆದ ತಂಡದವರು, ಎಲ್ಲರ ಬಾಯಲ್ಲೂ ಇದು ಸಲೀಸಾಗಿ ಬರುತ್ತದೆ. ಈ ನಂಬಿಕೆ ತಪ್ಪು, ಕಲೆಗೆ ಹಾನಿ ಮಾಡುವಂಥ ತಪ್ಪು. ಅದನ್ನು ತೋರಿಸಿಕೊಡಲು ಚೆನ್ನೈಗಿಂತ ತಕ್ಕ ಊರಿಲ್ಲ, ಏಕೆಂದರೆ ಈ ನಂಬಿಕೆಯನ್ನು ಸುಳ್ಳು ಮಾಡುವ ಇತಿಹಾಸವೂ ಇದೇ ಊರಿನಲ್ಲಿ ನಡೆದಿದೆ.

ಮೊದಲು ಲೆಕ್ಕವನ್ನೇ ನೋಡೋಣ. ಒಂದು ಯೋಜನೆಗೆ ಚೆನ್ನೈಯಿಂದ 100 ಅರ್ಜಿ ಬಂದು 30 ಮಂಜೂರಾದವು ಎಂದಿಟ್ಟುಕೊಳ್ಳಿ. ತಿರುವಣ್ಣಾಮಲೈ ಜಿಲ್ಲೆಯಿಂದ 10 ಅರ್ಜಿ ಬಂದು 3 ಮಂಜೂರಾದವು. ಎರಡೂ ಕಡೆ ಶೇ 30. ಪಕ್ಷಪಾತವೇ ಇಲ್ಲವೆಂದು ಇಲಾಖೆ ಹೇಳಬಹುದು, ಕಾಗದದ ಮೇಲೆ ಆ ಮಾತು ಸರಿಯೂ ಹೌದು. ಆದರೆ ತಿರುವಣ್ಣಾಮಲೈಯಿಂದ ಹತ್ತೇ ಅರ್ಜಿ ಏಕೆ ಬಂದವು ಎಂಬ ಪ್ರಶ್ನೆ ಆ ಶೇಕಡಾವಾರಿನಲ್ಲಿ ಎಲ್ಲಿಯೂ ಇಲ್ಲ. ಯೋಜನೆ ಇದೆಯೆಂದೇ ಗೊತ್ತಾಗದವರು, ಗೊತ್ತಾದರೂ ನಮೂನೆ ನೋಡಿ ಕೈಬಿಟ್ಟವರು, ಸಂಘ ನೋಂದಣಿಯಾಗಿಲ್ಲವೆಂದು ಹಿಂದೆ ಸರಿದವರು ಭಾಜ್ಯದಲ್ಲೂ ಇಲ್ಲ, ಭಾಜಕದಲ್ಲೂ ಇಲ್ಲ. ಇನ್ನೊಂದು ವಿಚಿತ್ರವೂ ಸಾಧ್ಯ. ದೂರದ ಜಿಲ್ಲೆಯಿಂದ ಎಲ್ಲ ಅಡ್ಡಿಗಳನ್ನು ದಾಟಿ ಬಂದವರು ಇಬ್ಬರೇ ಆಗಿ, ಇಬ್ಬರಿಗೂ ಹಣ ಸಿಕ್ಕರೆ ಆ ಜಿಲ್ಲೆಯ ಯಶಸ್ಸಿನ ಪ್ರಮಾಣ ಶೇ 100! ಅತಿ ಹೆಚ್ಚು ವಂಚಿತವಾದ ಜಿಲ್ಲೆಯೇ ಪಟ್ಟಿಯ ಮೇಲ್ತುದಿಯಲ್ಲಿ ಕೂರುವ ಲೆಕ್ಕವನ್ನು ನ್ಯಾಯದ ಅಳತೆಗೋಲು ಎಂದು ಒಪ್ಪುವುದು ಹೇಗೆ? ಪ್ರಮಾಣ ಹೆಚ್ಚಿದ್ದರೆ ಅರ್ಹತೆ, ಸಮವಿದ್ದರೆ ನಿಷ್ಪಕ್ಷಪಾತ, ಕಡಿಮೆ ಇದ್ದರೆ ಅರ್ಜಿದಾರರ ಅಸಾಮರ್ಥ್ಯ. ಹೀಗೆ ಯಾವ ಫಲಿತಾಂಶ ಬಂದರೂ ಕೊಡುವವರ ಕಡೆ ತಪ್ಪೇ ಕಾಣದಂತೆ ಈ ವಾದವನ್ನು ಕಟ್ಟಲಾಗಿದೆ.

ಇನ್ನು ಆ ನಮೂನೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆಯ ಅನುದಾನ, ಅಂದರೆ ತಂಡಗಳವರು ರೆಪರ್ಟರಿ ಗ್ರಾಂಟ್ ಎಂದು ಕರೆಯುವುದು, ದೇಶದ ಸಾವಿರಾರು ಕಲಾವಿದರಿಗೆ ತಿಂಗಳ ಆಸರೆ. ಗುರುವಿಗೆ ತಿಂಗಳಿಗೆ 15,000 ರೂಪಾಯಿ, ವಯಸ್ಕ ಶಿಷ್ಯರಿಗೆ 10,000 ರೂಪಾಯಿವರೆಗೆ. ಅದಕ್ಕೆ ಅರ್ಜಿ ಹಾಕಬೇಕಾದರೆ ತಂಡ ನೋಂದಾಯಿತ ಸಂಸ್ಥೆಯಾಗಿರಬೇಕು, ಕೆಲವು ವರ್ಷ ನಡೆದುಬಂದಿರಬೇಕು, ಆಡಿಟ್ ಆದ ಲೆಕ್ಕಪತ್ರ ಬೇಕು, ಎನ್‌ಜಿಒ ದರ್ಪಣ್‌ನಲ್ಲಿ ನೋಂದಣಿ ಬೇಕು, ಪತ್ರಿಕಾ ತುಣುಕು ಮತ್ತು ಪ್ರದರ್ಶನದ ದಾಖಲೆ ಬೇಕು. ಹಣ ಬಂದಮೇಲೆ ಬಳಕೆ ಪ್ರಮಾಣಪತ್ರ. ನಮೂನೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಸಾರ್ವಜನಿಕ ಹಣಕ್ಕೆ ಲೆಕ್ಕ ಕೇಳಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಈ ಪಟ್ಟಿಯಲ್ಲಿ ಯಾವ ಕಾಗದ ಕಲೆಯ ಬಗ್ಗೆ ಏನಾದರೂ ಹೇಳುತ್ತದೆ? ಆಡಿಟರ್ ಇದ್ದಾನೆಯೇ, ಇಂಗ್ಲಿಷ್ ಬರೆಯುವವರು ಇದ್ದಾರೆಯೇ, ಪತ್ರಿಕೆಯ ವರದಿಗಾರ ಪ್ರದರ್ಶನಕ್ಕೆ ಬಂದಿದ್ದನೇ ಎಂಬುದನ್ನು ಅದು ಹೇಳುತ್ತದೆ. ತಜ್ಞರ ಸಮಿತಿ ಕಲೆಯನ್ನು ನೋಡುವುದು ಇಷ್ಟೆಲ್ಲ ಜರಡಿ ಹಿಡಿದ ಮೇಲೆ.

ಮೈಲಾಪುರದಲ್ಲಿ ಡಿಸೆಂಬರ್‌ನಲ್ಲಿ ಹಾಡಿದ ಹುಡುಗಿಯ ಕಛೇರಿಗೆ ವಿಮರ್ಶೆ ಬರುತ್ತದೆ. ಸಭಾದ ಆಹ್ವಾನಪತ್ರಿಕೆ ಅಚ್ಚಾಗಿರುತ್ತದೆ, ವಿಡಿಯೊ ಇರುತ್ತದೆ, ಸಭಾಕ್ಕೆ ದಶಕಗಳ ನೋಂದಣಿ ಇರುತ್ತದೆ. ಅವಳು ಬೇರೇನೂ ಮಾಡದೆಯೇ ಅರ್ಜಿಯ ಅರ್ಧ ಭಾಗ ತಯಾರಾಗಿಬಿಟ್ಟಿರುತ್ತದೆ. ಅದು ಅವಳ ತಪ್ಪಲ್ಲ, ಅವಳ ಸಂಗೀತಕ್ಕೆ ಅದರಿಂದ ಕಳಂಕವೂ ಇಲ್ಲ.

ಚೆನ್ನೈಯಿಂದ ನೈಋತ್ಯಕ್ಕೆ ಕೆಲವೇ ಗಂಟೆಗಳ ಬಸ್ ಪ್ರಯಾಣದಷ್ಟು ದೂರದಲ್ಲಿ, ಕಾಂಚೀಪುರ, ತಿರುವಣ್ಣಾಮಲೈ, ವೆಲ್ಲೂರು ಸೀಮೆಯ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ದ್ರೌಪದಿ ಅಮ್ಮನ ಗುಡಿಗಳಲ್ಲಿ ಭಾರತದ ಹಬ್ಬ ಶುರು. ದಿನಗಟ್ಟಲೆ ಹಗಲು ಮಹಾಭಾರತದ ಪ್ರವಚನ, ರಾತ್ರಿ ಬೆಳಗಿನವರೆಗೆ ಕೂತ್ತು ಎಂಬ ಬಯಲಾಟ. ವೇಷಧಾರಿಗಳು ತಾವೇ ಬಣ್ಣ ಅರೆದು ಬಳಿದುಕೊಂಡು, ಕನ್ನಡಿಯ ಚೂರು ಕೂರಿಸಿದ ಮರದ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು, ಹಾರ್ಮೋನಿಯಂ, ಮೃದಂಗ, ಮುಖವೀಣೆಯ ಜೊತೆ ರಂಗಕ್ಕೆ ಬರುತ್ತಾರೆ. ಕೊನೆಯ ದಿನ ಗುಡಿಯ ಮುಂದಿನ ಬಯಲಿನಲ್ಲಿ ದುರ್ಯೋಧನನ ದೊಡ್ಡ ಮಣ್ಣಿನ ಮೂರ್ತಿಯನ್ನು ಮಲಗಿಸಿ, ಅದರ ಸುತ್ತ ಭೀಮ-ದುರ್ಯೋಧನರ ವೇಷಗಳು ಓಡಾಡಿ ಕಾದಾಡುತ್ತವೆ. ತೊಡೆ ಮುರಿದ ಮೇಲೆ ದ್ರೌಪದಿ ಮುಡಿ ಕಟ್ಟುತ್ತಾಳೆ. ಊರಿಗೆ ಊರೇ ಅಲ್ಲಿ ನೆರೆದಿರುತ್ತದೆ. ಕಲಾವಿದರನ್ನು ಗೊತ್ತುಮಾಡುವುದು ಎಲೆ ಅಡಿಕೆಯ ಮೇಲೆ ಮುಂಗಡ ಇಟ್ಟು. ಆಹ್ವಾನಪತ್ರಿಕೆ ಎಂದರೆ ಗುಡಿಯ ಗೋಡೆಗೆ ಅಂಟಿಸಿದ ನೋಟಿಸು. ಹತ್ತು ರಾತ್ರಿ, ಇಪ್ಪತ್ತು ರಾತ್ರಿ ಆಡಿದ ಆ ತಂಡದ ಬಳಿ ಸಮಿತಿಯ ಮುಂದಿಡಲು ಏನಿದೆ? ಪತ್ರಿಕಾ ತುಣುಕು ಇಲ್ಲ, ಏಕೆಂದರೆ ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿ ವರದಿಗಾರ ಇರಲಿಲ್ಲ. ಸಾವಿರಾರು ಜನ ತಮ್ಮ ದುಡ್ಡಿನಲ್ಲಿ ಕರೆಸಿ, ರಾತ್ರಿಯೆಲ್ಲ ಎದ್ದು ನೋಡಿದ ಆಟಕ್ಕಿಂತ ದೊಡ್ಡ ಪ್ರಮಾಣಪತ್ರ ಕಲೆಗೆ ಬೇಕೆ? ಅದನ್ನು ತುಂಬಲು ನಮೂನೆಯಲ್ಲಿ ಜಾಗವೇ ಇಲ್ಲ.

ಇಲ್ಲಿ ಅರ್ಹತೆಯ ಪರ ವಾದಿಸುವವರು ಮೂರು ಹೆಸರುಗಳನ್ನು ಮುಂದಿಡುತ್ತಾರೆ, ಮೂರಕ್ಕೂ ಉತ್ತರ ಹೇಳಬೇಕು.

ಮೊದಲನೆಯದು ಪುರಿಸೈ. ತಿರುವಣ್ಣಾಮಲೈ ಜಿಲ್ಲೆಯ ಈ ಹಳ್ಳಿಯ ತಂಬಿರಾನ್ ಮನೆತನದ ತೆರುಕ್ಕೂತ್ತು ದೇಶ-ವಿದೇಶಗಳಲ್ಲಿ ಹೆಸರಾಯಿತಲ್ಲ, ಹಳ್ಳಿಯೆಂದು ಯಾರು ತಡೆದರು ಎಂದು ಕೇಳುತ್ತಾರೆ. ಎರಡನೆಯದು ಕಾಂಚೀಪುರದ ಬಳಿಯ ಕಟ್ಟೈಕ್ಕೂತ್ತು ಸಂಘ. 1990ರಲ್ಲಿ ಹುಟ್ಟಿ, 2002ರಲ್ಲಿ ಮಕ್ಕಳಿಗೆ ಓದಿನ ಜೊತೆ ಕೂತ್ತು ಕಲಿಸುವ ಗುರುಕುಲವನ್ನೂ ಕಟ್ಟಿದ ಸಂಸ್ಥೆ. ಮೂರನೆಯದು ನಮ್ಮದೇ ಹೆಗ್ಗೋಡಿನ ನೀನಾಸಂ. ಸಾಗರ ತಾಲ್ಲೂಕಿನ ಒಂದು ಹಳ್ಳಿಗೆ ಫೋರ್ಡ್ ಫೌಂಡೇಶನ್ ನೆರವು ಬಂತು, 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಬಂತು. ಅರ್ಹತೆ ಇದ್ದರೆ ಕಾಡಿನ ನಡುವೆಯೂ ಹಣ ಹುಡುಕಿಕೊಂಡು ಬರುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮೂರೂ ಹಿರಿಯ ಸಾಧನೆಗಳು. ಆದರೆ ಮೂರೂ ಎದುರು ಪಕ್ಷದ ಸಾಕ್ಷಿಗಳು. ಪುರಿಸೈಯ ಆಟ ನೋಡಿ ಪ್ರೇರಣೆ ಪಡೆದ ನಾಟಕಕಾರ ನ. ಮುತ್ತುಸ್ವಾಮಿ 1977ರಲ್ಲಿ ಚೆನ್ನೈಯಲ್ಲಿ ಕೂತ್ತುಪ್ಪಟ್ಟರೈ ಕಟ್ಟಿದರು, ಪುರಿಸೈಯ ಕಣ್ಣಪ್ಪ ತಂಬಿರಾನ್ ಅವರನ್ನು ಗುರುವೆಂದು ಗೌರವಿಸಿದರು, ನಗರದ ಸಾಹಿತ್ಯ-ರಂಗಭೂಮಿಯ ಲೋಕಕ್ಕೆ ಪುರಿಸೈಯನ್ನು ಕಾಣಿಸಿದರು. ಕಟ್ಟೈಕ್ಕೂತ್ತು ಸಂಘದಲ್ಲಿ ಪರಂಪರೆಯ ಕಲಾವಿದ ಪಿ. ರಾಜಗೋಪಾಲ್ ಅವರ ಜೊತೆ ನಿಂತವರು ಡಚ್ ವಿದ್ವಾಂಸೆ ಹನ್ನೆ ಡಿ ಬ್ರೂಯಿನ್, ಕೂತ್ತಿನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಹೆಗ್ಗೋಡಿನಲ್ಲಿ ಸುಬ್ಬಣ್ಣ ಇದ್ದರು. ಮೈಸೂರಿನಲ್ಲಿ ಓದಿ, ಊರಿಗೆ ಹಿಂತಿರುಗಿ, ಅಕ್ಷರ ಪ್ರಕಾಶನ ನಡೆಸಿ, ಜಗತ್ತಿನ ನಾಟಕ, ಸಿನಿಮಾಗಳ ಜೊತೆ ಸರಿಸಮಾನವಾಗಿ ಮಾತಾಡಬಲ್ಲವರು. ನೀನಾಸಂ ಹುಟ್ಟಿದ್ದು 1949ರಲ್ಲಿ, ಫೋರ್ಡ್ ನೆರವಿನಿಂದ ಜನಸ್ಪಂದನ ಯೋಜನೆ ನಡೆದದ್ದು 1980ರ ದಶಕದಲ್ಲಿ. ಮೂರು ದಶಕ ನಾಟಕ ಆಡಿದ ಮೇಲೆ. ಮೂರು ಕಡೆಯೂ ಊರಿಗೂ ಕಚೇರಿಗೂ ನಡುವೆ ಒಬ್ಬ ಸೇತುವೆಯಾಗಿ ನಿಂತಿದ್ದಾರೆ. ಅಂಥವರು ಸಿಕ್ಕದ ನೂರಾರು ಮೇಳಗಳು ಕಲೆಯಲ್ಲಿ ಕಡಿಮೆ ಎಂದು ಯಾವ ತಜ್ಞ ಹೋಗಿ ನೋಡಿ ಬಂದಿದ್ದಾನೆ?

ಅರ್ಹತೆಯನ್ನೇ ನಂಬುವವರು ಚೆನ್ನೈಯ ಇನ್ನೂ ಹಳೆಯ ಕಥೆಯೊಂದನ್ನು ನೆನೆಯಬೇಕು. ಇವತ್ತು ಭರತನಾಟ್ಯಕ್ಕೆ ಅರ್ಹತೆ ಇಲ್ಲವೆಂದು ಯಾವ ಸಮಿತಿಯೂ ಹೇಳಲಾರದು. 1930ರ ಸುಮಾರಿಗೆ ಅದೇ ನೃತ್ಯದ ಪಾಡು ಬೇರೆ ಇತ್ತು. ದೇವದಾಸಿಯರ ಸದಿರ್ ಎಂದರೆ ಮದ್ರಾಸಿನ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದರು, ಅದನ್ನು ನಿಲ್ಲಿಸಬೇಕೆಂಬ ಚಳವಳಿ ಜೋರಾಗಿತ್ತು. 1927ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಜೊತೆ ನಡೆದ ಸಂಗೀತ ಸಮ್ಮೇಳನದ ಫಲವಾಗಿ ಹುಟ್ಟಿದ ಮ್ಯೂಸಿಕ್ ಅಕಾಡೆಮಿ, ವಕೀಲ ಇ. ಕೃಷ್ಣ ಅಯ್ಯರ್ ಅವರ ಪ್ರಯತ್ನದಿಂದ, 1931ರಲ್ಲಿ ತಂಜಾವೂರಿನ ಕಲ್ಯಾಣಿಯ ಹೆಣ್ಣುಮಕ್ಕಳಾದ ರಾಜಲಕ್ಷ್ಮಿ ಮತ್ತು ಜೀವರತ್ನಂ ಅವರ ನೃತ್ಯವನ್ನು ತನ್ನ ವೇದಿಕೆಯಲ್ಲಿ ಏರ್ಪಡಿಸಿತು. 1936ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಕಲಾಕ್ಷೇತ್ರ ಕಟ್ಟಿದರು. ಜಾಗ ಬಂತು, ಗುರುಗಳಿಗೆ ಸಂಬಳ ಬಂತು, ಪಠ್ಯಕ್ರಮ, ವಿಮರ್ಶೆ, ವಿದೇಶ ಪ್ರವಾಸ ಎಲ್ಲ ಒಂದೊಂದಾಗಿ ಬಂದವು. ಕಡೆಗೆ ಸಂಸತ್ತೇ 1993ರ ಕಲಾಕ್ಷೇತ್ರ ಫೌಂಡೇಶನ್ ಕಾಯ್ದೆಯಿಂದ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. ತಿರುವಾನ್ಮಿಯೂರಿನ ಆ ಆಲದ ಮರಗಳ ನೆರಳಿನಲ್ಲಿ ಕಲಿತವರು ದೇಶಕ್ಕೆಲ್ಲ ನೃತ್ಯ ಕಲಿಸಿದರು ನಿಜ. ಆದರೆ ಆಸರೆ ಮೊದಲು ಬಂತು, ಸರ್ವಮಾನ್ಯವಾದ ಅರ್ಹತೆ ಆಮೇಲೆ ಬಂತು ಎಂಬುದೂ ಅಷ್ಟೇ ನಿಜ. 1931ರಲ್ಲಿ ಇವತ್ತಿನಂಥ ತಜ್ಞರ ಸಮಿತಿ ಕೂತಿದ್ದರೆ ಕಲ್ಯಾಣಿಯ ಮಕ್ಕಳ ಅರ್ಜಿ ತಿರಸ್ಕೃತವಾಗುತ್ತಿತ್ತು.

ಅದೇ ನೃತ್ಯದ ಇನ್ನೊಂದು ಕೊನೆ ಪುದುಕ್ಕೋಟೈ ಜಿಲ್ಲೆಯ ವಿರಾಲಿಮಲೈಯಲ್ಲಿ ಉಳಿದಿತ್ತು. ಅಲ್ಲಿನ ಸುಬ್ರಹ್ಮಣ್ಯ ದೇವಸ್ಥಾನದಲ್ಲಿ ಸೇವೆಗಿದ್ದ 32 ಮಂದಿ ದೇವದಾಸಿಯರಲ್ಲಿ ಉಳಿದ ಒಬ್ಬರೇ ಆರ್. ಮುತ್ತುಕಣ್ಣಮ್ಮಾಳ್. ಬಾಲ್ಯದಲ್ಲಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು ದಿನವೂ ಹಾಡಿ ಕುಣಿದವರು. ಅವರಿಗೆ ಪದ್ಮಶ್ರೀ ಬಂದದ್ದು 2022ರಲ್ಲಿ, ಎಂಬತ್ತು ದಾಟಿದ ಮೇಲೆ. ಮದ್ರಾಸಿನ ವೇದಿಕೆಯ ಮೇಲೆ ಸದಿರ್ ಕಂಡು 91 ವರ್ಷ ಕಳೆದಿತ್ತು. ಇಷ್ಟು ವರ್ಷ ಅವರಲ್ಲಿ ಏನು ಕೊರತೆ ಇತ್ತು? ಅವರ ಕಾಲಿನಲ್ಲಿ, ಕಂಠದಲ್ಲಿ, ನೆನಪಿನಲ್ಲಿ ಇದ್ದದ್ದನ್ನೇ ಕಲಿಯಲು ಈಗ ಜನ ಅಲ್ಲಿಗೆ ಹೋಗುತ್ತಿದ್ದಾರೆ.

ಪದ್ಮ ಪ್ರಶಸ್ತಿಗಳ ವಿಷಯದಲ್ಲಿ ಗಮನಿಸಬೇಕಾದ ಬದಲಾವಣೆಯೊಂದಿದೆ. 2017ರ ಪ್ರಶಸ್ತಿಗಳಿಂದ ಈಚೆಗೆ ಸಾರ್ವಜನಿಕರು ಯಾರು ಬೇಕಾದರೂ ಇನ್ನೊಬ್ಬರ ಹೆಸರನ್ನು ಆನ್‌ಲೈನ್‌ನಲ್ಲಿ ಸೂಚಿಸಬಹುದು. ಆಮೇಲಿನ ಪಟ್ಟಿಗಳಲ್ಲಿ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ, 2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ತೊಗಲುಗೊಂಬೆಯ ಹಿರಿಯಜ್ಜಿ ಭೀಮವ್ವ ಶಿಳ್ಳೇಕ್ಯಾತರ, ಅದೇ ವರ್ಷ ಮದುರೈ ಕಡೆಯ ಪರೈ ವಾದಕ ವೇಲು ಆಸಾನ್, ಇಂಥ ಹೆಸರುಗಳು ಕಾಣಿಸಿದವು. ಭೀಮವ್ವ ಗೊಂಬೆ ಕುಣಿಸಲು ಕಲಿತದ್ದು ಆ ವರ್ಷವಲ್ಲ, ಅವರಿಗಾಗ ತೊಂಬತ್ತು ಮೀರಿತ್ತು. ಅರ್ಜಿ ಕಲಾವಿದರೇ ಹಾಕಬೇಕು ಎಂಬ ಕಟ್ಟು ಇಲ್ಲದಿರುವುದು, ಅವರ ಪರವಾಗಿ ಇನ್ನೊಬ್ಬರು ಬರೆಯಬಹುದಾದದ್ದು ಇಂಥ ಊರುಗಳಿಗೆ ದಾರಿ ತೆರೆಯುತ್ತದೆ. ಪ್ರಶಸ್ತಿಗೆ ಮಾಡಿದ ಈ ಸಣ್ಣ ತಿದ್ದುಪಡಿಯನ್ನು ಹೊಟ್ಟೆಪಾಡಿನ ಅನುದಾನಕ್ಕೆ ಮಾಡಲು ಏಕೆ ಹಿಂಜರಿಕೆ?

ಅರ್ಜಿ ಬಾರದಿರುವುದಕ್ಕೆ ನಗರಗಳಲ್ಲಿ ಸೂಚಿಸುವ ಮದ್ದು ಎಂದರೆ ಅರ್ಜಿ ಬರೆಯುವ ಕಾರ್ಯಾಗಾರ. ಒಳ್ಳೆಯ ಮನಸ್ಸಿನವರೇ ಇದನ್ನು ನಡೆಸುತ್ತಾರೆ. ಯೋಜನೆಯ ಉದ್ದೇಶ ಹೇಗೆ ಬರೆಯಬೇಕು, ಬಜೆಟ್ ಹೇಗೆ ಹಾಕಬೇಕು, ಸಮಿತಿಗೆ ಇಷ್ಟವಾಗುವ ಮಾತು ಯಾವುದು ಎಂದು ಕಲಿಸುತ್ತಾರೆ. ಹೋದವರಲ್ಲಿ ಕೆಲವರಿಗೆ ಉಪಯೋಗವೂ ಆಗುತ್ತದೆ. ಆದರೆ ಇದರಲ್ಲಿ ಹೊರೆ ಯಾರ ತಲೆಯ ಮೇಲೆ ಬಿತ್ತು ನೋಡಿ. ಕೊಡುವವರು ಕೂತಲ್ಲೇ ಕೂತಿರುತ್ತಾರೆ. ರಾತ್ರಿಯೆಲ್ಲ ವೇಷ ಹಾಕಿ ಬೆಳಿಗ್ಗೆ ಗದ್ದೆಗೆ ಹೋಗುವವನು ಇಂಗ್ಲಿಷಿನಲ್ಲಿ ಕಲೆಯ ಸಾಮಾಜಿಕ ಪರಿಣಾಮದ ಮೇಲೆ ಎರಡು ಪುಟ ಬರೆಯಲು ಕಲಿಯಬೇಕು. ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು. ಅರ್ಜಿಗೆ ಒಗ್ಗುವಂತೆ ಕಲೆಯನ್ನೇ ಕತ್ತರಿಸುವುದು ಶುರುವಾಗುತ್ತದೆ. ರಾತ್ರಿಯಿಡೀ ನಡೆಯುವ ಪ್ರಸಂಗ ಮುಕ್ಕಾಲು ಗಂಟೆಯ ವಿಡಿಯೊ ಆಗುತ್ತದೆ, ಊರ ಗುಡಿಯ ಆಚರಣೆ ಸರ್ಕಾರಿ ಉತ್ಸವದ ಐಟಂ ಆಗುತ್ತದೆ. ಕಾಗದಕ್ಕೆ ಒಗ್ಗಿದ ತಂಡ ಉಳಿಯುತ್ತದೆ, ಒಗ್ಗದ ತಂಡ ಅಳಿಯುತ್ತದೆ. ಹತ್ತು ವರ್ಷದ ನಂತರ ಉಳಿದವರನ್ನು ತೋರಿಸಿ, ಅರ್ಹರು ಉಳಿದರು ನೋಡಿ ಎನ್ನುತ್ತಾರೆ.

ಇದೇ ವಾದವನ್ನು ಯಾರಾದರೂ ಹಣಕಾಸಿನ ವಿಷಯದಲ್ಲಿ ಚೆನ್ನೈಯ ಮುಂದೆ ಎತ್ತಿದರೆ ಏನಾಗುತ್ತದೆ ಎಂದು ಯೋಚಿಸಬೇಕು. ಸಂಗೀತ ನಾಟಕ ಅಕಾಡೆಮಿ 1953ರಲ್ಲಿ ದೆಹಲಿಯಲ್ಲಿ ಉದ್ಘಾಟನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿದ್ದವರು ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪಿ.ವಿ. ರಾಜಮನ್ನಾರ್. ಅದೇ ರಾಜಮನ್ನಾರ್ ಮುಂದೆ ತಮಿಳುನಾಡು ಸರ್ಕಾರ 1969ರಲ್ಲಿ ನೇಮಿಸಿದ ಕೇಂದ್ರ-ರಾಜ್ಯ ಸಂಬಂಧಗಳ ಸಮಿತಿಯ ಅಧ್ಯಕ್ಷರಾಗಿ 1971ರಲ್ಲಿ ವರದಿ ಕೊಟ್ಟರು. ಅಧಿಕಾರವೂ ಹಣವೂ ದೆಹಲಿಯಲ್ಲಿ ಗುಡ್ಡೆಯಾಗಬಾರದು, ರಾಜ್ಯಗಳಿಗೆ ಸಿಕ್ಕಬೇಕಾದದ್ದು ಹಕ್ಕಿನಿಂದ ಸಿಕ್ಕಬೇಕು ಎಂಬ ವಾದಕ್ಕೆ ಇವತ್ತಿಗೂ ಆ ವರದಿಯೇ ಆಧಾರ. ಕರ್ನಾಟಕದ ಕೂಗೂ ಅದೇ. 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ತೆರಿಗೆ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದಾಗ ಬೆಂಗಳೂರು ಸುಮ್ಮನಿರಲಿಲ್ಲ, ಸುಮ್ಮನಿರಬಾರದು ಕೂಡ. ರಾಜ್ಯಗಳ ಪಾಲನ್ನು ಯಾರು ಚೆನ್ನಾಗಿ ಅರ್ಜಿ ಬರೆದರು ಎಂದು ನೋಡಿ ಹಂಚೋಣ ಎಂದು ದೆಹಲಿ ಹೇಳಿದ್ದರೆ ಎರಡೂ ರಾಜಧಾನಿಗಳು ಬೀದಿಗಿಳಿಯುತ್ತಿದ್ದವು. ದೆಹಲಿಯ ಮುಂದೆ ನ್ಯಾಯ ಕೇಳುವ ಈ ಊರುಗಳೇ ತಮ್ಮ ಜಿಲ್ಲೆಗಳ ಮುಂದೆ ದೆಹಲಿಯಂತೆ ನಡೆದುಕೊಂಡರೆ ಆ ನ್ಯಾಯದ ಮಾತಿಗೆ ಬಲ ಎಲ್ಲಿಂದ ಬರಬೇಕು?

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು 114 ಹಿಂದುಳಿದಿವೆ ಎಂದು ಗುರುತಿಸಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ರಸ್ತೆ, ಶಾಲೆ, ಆಸ್ಪತ್ರೆ, ನೀರಾವರಿಯ ಲೆಕ್ಕ ಹಾಕಿದಾಗ ರಾಯಚೂರಿನ ಜನ ಅರ್ಜಿ ಹಾಕಿರಲಿಲ್ಲ, ಅದಕ್ಕೇ ಶಾಲೆ ಬರಲಿಲ್ಲ ಎಂದು ಯಾರೂ ವಾದಿಸಲಿಲ್ಲ. ಕೊರತೆ ಎಲ್ಲಿದೆ ಎಂದು ಹುಡುಕುವುದು ಸರ್ಕಾರದ ಕೆಲಸ ಎಂದು ಎಲ್ಲರೂ ಒಪ್ಪಿಕೊಂಡರು. ಸಂಸ್ಕೃತಿಯ ಮಾತು ಬಂದ ಕೂಡಲೇ ಆ ಒಪ್ಪಿಗೆ ಮಾಯವಾಗುತ್ತದೆ. ಯಾವ ತಾಲ್ಲೂಕಿನಲ್ಲಿ ಎಷ್ಟು ಮೇಳ, ಎಷ್ಟು ಗೊಂಬೆಯಾಟದ ಮನೆತನ ಉಳಿದಿವೆ, ಅವುಗಳಲ್ಲಿ ಎಷ್ಟಕ್ಕೆ ನೆರವು ತಲುಪಿದೆ ಎಂಬುದನ್ನು ನಂಜುಂಡಪ್ಪನವರಂತೆ ತಾಲ್ಲೂಕುವಾರು ಅಳೆಯುವ ಕೆಲಸಕ್ಕೆ ಎರಡೂ ರಾಜ್ಯಗಳು ಕೈಹಾಕಬೇಕು.

ಎಲ್ಲಿಗೂ ಸೇರದವರ ಪಾಡು ಇನ್ನೂ ಕಷ್ಟ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು 12 ಲಕ್ಷಕ್ಕೂ ಹೆಚ್ಚು. ಚೆನ್ನೈಯ ತ್ಯಾಗರಾಯನಗರದಲ್ಲಿ ಕರ್ನಾಟಕ ಸಂಘದ ಶಾಲೆ ಇದೆ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ. ಕಿಟ್ಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹೊರತಂದದ್ದು ಇದೇ ವಿಶ್ವವಿದ್ಯಾಲಯದಿಂದ. ಅರ್ಜಿ ಬರೆಯಬಲ್ಲ ಕನ್ನಡಿಗರಿಗೆ ಇಲ್ಲಿ ಬರವಿಲ್ಲ. ಆದರೆ ಈರೋಡ್ ಜಿಲ್ಲೆಯ ತಾಳವಾಡಿ ಕಡೆ, ಡಾ. ರಾಜ್‌ಕುಮಾರ್ ಅವರ ಗಾಜನೂರಿನ ಸುತ್ತಮುತ್ತ, ಮಲೆ ಮಹದೇಶ್ವರನ ಒಕ್ಕಲಿನ ಊರುಗಳಲ್ಲಿ, ಕಂಸಾಳೆ ಹಿಡಿದು ಕಥೆ ಹಾಡುವವರು ಯಾವ ಕಚೇರಿಗೆ ಹೋಗಬೇಕು? ಚೆನ್ನೈಯ ಸರ್ಕಾರಿ ಅಕಾಡೆಮಿಯಾದ ಇಯಲ್ ಇಸೈ ನಾಟಕ ಮನ್ರಂಗೆ ಅವರ ಹಾಡಿನ ಭಾಷೆ ಪರಭಾಷೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿ ಅವರ ಜಿಲ್ಲೆಯಲ್ಲಿಲ್ಲ. 2010ರ ಕಾಯ್ದೆಯಿಂದ ಬಂದ ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೂ ನೆರವಾಗುತ್ತದೆ, ಅದು ಒಳ್ಳೆಯ ಕೆಲಸ. ಆದರೆ ಅಲ್ಲಿಯೂ ಬಾಗಿಲು ತಟ್ಟಬೇಕಾದವರು ಸಂಸ್ಥೆ ಕಟ್ಟಿಕೊಂಡವರೇ. ಕಂಸಾಳೆಯವನು ಸಂಸ್ಥೆಯಲ್ಲ, ದೇವರ ಗುಡ್ಡ. ದೀಕ್ಷೆ ಪಡೆದು ಹಾಡುವ ಅವನಿಗೆ ಕಾರ್ಯಕಾರಿ ಸಮಿತಿ ಇರುವುದಿಲ್ಲ. ಪಾರ್ತಿಸುಬ್ಬನ ನಾಡಾದ ಕಾಸರಗೋಡಿನ ಯಕ್ಷಗಾನ ಕಲಾವಿದರ ಅನುಭವವೂ ಹೆಚ್ಚು ಬೇರೆಯಲ್ಲ.

ಹೊರಗಿನ ಜಗತ್ತು ಈ ವಿಷಯದಲ್ಲಿ ಏನು ಮಾಡಿದೆ ಎಂದು ನೋಡಿದರೆ ಎರಡು ಉದಾಹರಣೆ ಸಾಕು. ಇಂಗ್ಲೆಂಡಿನಲ್ಲಿ 2013ರಲ್ಲಿ ಮೂವರು ಸ್ವತಂತ್ರ ಅಧ್ಯಯನಕಾರರು ಸರ್ಕಾರ ಮತ್ತು ಆರ್ಟ್ಸ್ ಕೌನ್ಸಿಲ್ ಕೊಡುವ ಹಣವನ್ನು ತಲಾವಾರು ಲೆಕ್ಕಹಾಕಿದರು. ಲಂಡನ್ನಿನವರಿಗೆ ತಲೆಗೆ ಸುಮಾರು 69 ಪೌಂಡ್, ಇಂಗ್ಲೆಂಡಿನ ಉಳಿದೆಡೆಯವರಿಗೆ ಸುಮಾರು 4 ಪೌಂಡ್ 60 ಪೆನ್ಸ್. ಲಂಡನ್ನಿನ ಸಂಸ್ಥೆಗಳು ಇಡೀ ದೇಶಕ್ಕೆ ಸೇರಿದವು ಎಂಬ ಸಮರ್ಥನೆ ಅಲ್ಲೂ ಬಂತು, ಕಲಾಕ್ಷೇತ್ರ ಇಡೀ ದೇಶದ್ದು ಎಂದು ಇಲ್ಲಿ ಹೇಳುವಂತೆಯೇ. ಆದರೆ ಅಂಕಿ ಬಹಿರಂಗವಾದ ಮೇಲೆ ಸುಮ್ಮನಿರುವುದು ಕಷ್ಟವಾಯಿತು. 2022ರಲ್ಲಿ ಇಂಗ್ಲಿಷ್ ನ್ಯಾಷನಲ್ ಆಪೆರಾದಂಥ ಸಂಸ್ಥೆಗೇ ಲಂಡನ್ನಿನಿಂದ ಹೊರಗೆ ನೆಲೆ ಹುಡುಕಿಕೊಳ್ಳಲು ಹೇಳುವ ಮಟ್ಟಕ್ಕೆ ಒತ್ತಡ ಬೆಳೆಯಿತು. ಆ ನಿರ್ಧಾರ ನಡೆದ ರೀತಿ ಒರಟು, ಕಲಾವಿದರು ಪ್ರತಿಭಟಿಸಿದ್ದು ಸಹಜ. ಅಮೆರಿಕದಲ್ಲಿ ಕಲೆಗಳ ರಾಷ್ಟ್ರೀಯ ನಿಧಿಯ ಅನುದಾನದ ಹಣದಲ್ಲಿ ಶೇ 40 ರಾಜ್ಯ ಮತ್ತು ಪ್ರಾದೇಶಿಕ ಕಲಾ ಸಂಸ್ಥೆಗಳಿಗೆ ಹೋಗಬೇಕೆಂಬ ನಿಯಮವೇ ಇದೆ. ಯಾವ ರಾಜ್ಯ ಚೆನ್ನಾಗಿ ಬರೆಯಿತು ಎಂಬ ಸ್ಪರ್ಧೆಯಿಂದ ಆ ಪಾಲನ್ನು ಹೊರಗಿಟ್ಟಿದ್ದಾರೆ.

ಭಾರತದಲ್ಲೂ ವಿಕೇಂದ್ರೀಕರಣದ ಹೆಸರಿನಲ್ಲಿ 1980ರ ದಶಕದಲ್ಲಿ ಏಳು ವಲಯ ಸಾಂಸ್ಕೃತಿಕ ಕೇಂದ್ರಗಳು ಹುಟ್ಟಿದವು. ದಕ್ಷಿಣ ವಲಯದ್ದು ತಂಜಾವೂರಿನಲ್ಲಿದೆ. ಆದರೆ ಕಚೇರಿಯನ್ನು ದೆಹಲಿಯಿಂದ ತಂಜಾವೂರಿಗೆ ತಂದು, ಕಾಗದಪತ್ರದ ಪದ್ಧತಿಯನ್ನು ಹಾಗೇ ಉಳಿಸಿಕೊಂಡರೆ ಕೇಂದ್ರ ಹತ್ತಿರವಾಯಿತೇ ಹೊರತು ಹಣ ಹತ್ತಿರವಾಗಲಿಲ್ಲ. ಬೀದರ್‌ನವನಿಗೆ ಎರಡೂ ದೂರವೇ.

ಗುಣಮಟ್ಟ ಕುಸಿಯುತ್ತದೆ ಎಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಜಿಲ್ಲೆಗೆ ಇಷ್ಟು ಎಂದು ಹಣ ಇಟ್ಟರೆ ಸ್ಥಳೀಯ ರಾಜಕಾರಣಿಗಳ ಹಿಂಬಾಲಕರು ನುಂಗುತ್ತಾರೆ, ಲೆಟರ್‌ಹೆಡ್ ಸಂಘಗಳು ಹುಟ್ಟುತ್ತವೆ ಎಂಬ ಭಯ ಅನುಭವದಿಂದ ಬಂದದ್ದು. ಕರ್ನಾಟಕದಲ್ಲಿ ಸಂಘ-ಸಂಸ್ಥೆಗಳ ಧನಸಹಾಯದ ಬಗ್ಗೆ ವರ್ಷವೂ ಕೇಳಿಬರುವ ದೂರೇ ಅದು. ಆದರೆ ಲೆಟರ್‌ಹೆಡ್ ಸಂಘ ಹುಟ್ಟುವುದು ಜಿಲ್ಲಾವಾರು ಹಂಚಿಕೆಯಿಂದಲ್ಲ, ಕಾಗದ ನೋಡಿ ಹಣ ಕೊಡುವುದರಿಂದ. ನೋಂದಣಿ, ಆಡಿಟ್, ತುಣುಕು ಎಲ್ಲವೂ ನಕಲಿ ಸಂಘದ ಬಳಿ ಅಚ್ಚುಕಟ್ಟಾಗಿರುತ್ತವೆ, ಅದು ಹುಟ್ಟಿದ್ದೇ ಅದಕ್ಕೆ. ಹೋಗಿ ಆಟ ನೋಡಿ ಬರುವವನ ಮುಂದೆ ನಕಲಿ ನಿಲ್ಲುವುದಿಲ್ಲ. ಇನ್ನು ಒಂದು ಜಿಲ್ಲೆಯಲ್ಲಿ ನಿಜಕ್ಕೂ ಕಲಾವಿದರು ಕಡಿಮೆ ಇದ್ದರೆ ಆ ಪಾಲು ಖರ್ಚಾಗದೆ ಉಳಿಯಲಿ, ಏಕೆ ಉಳಿಯಿತು ಎಂದು ಇಲಾಖೆ ಬರೆದು ಹೇಳಲಿ.

ಮಾಡಬಹುದಾದ ಕೆಲಸಗಳು ಕಷ್ಟದವೂ ಅಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಹುಟ್ಟಿದ ಖಾಸಗಿ ಸಂಸ್ಥೆ, ಸರ್ಕಾರದ ಬಲ ಅದಕ್ಕಿಲ್ಲ. ಅದು ಯಾವ ಭಾರತೀಯ ಭಾಷೆಯಲ್ಲಿ ಬರೆದ ಪ್ರಸ್ತಾವವನ್ನೂ ಸ್ವೀಕರಿಸುತ್ತದೆ. ಅನುವಾದದ ಹೊಣೆ ಕೊಡುವವರದ್ದಾದಾಗ ಅರ್ಜಿಯ ಅರ್ಧ ಭಾರ ಇಳಿಯುತ್ತದೆ. ಸಂಸ್ಕೃತಿ ಸಚಿವಾಲಯಕ್ಕೆ, ಮನ್ರಂಗೆ, ಬೆಂಗಳೂರಿನ ಅಕಾಡೆಮಿಗಳಿಗೆ ಇದು ಸಾಧ್ಯವಿಲ್ಲವೇ? ತಮಿಳುನಾಡಿನಲ್ಲಿಯೇ ಇನ್ನೊಂದು ಮಾದರಿ ಕಣ್ಣ ಮುಂದಿದೆ. ಅಲ್ಲಿನ ಕಲೆ ಮತ್ತು ಸಂಸ್ಕೃತಿ ಇಲಾಖೆಯಡಿ ಜಿಲ್ಲೆ ಜಿಲ್ಲೆಗೂ ಕಲಾ ಮನ್ರಂಗಳಿವೆ, ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿ ನಡೆಯುತ್ತವೆ. ವಯಸ್ಸಿಗೆ ತಕ್ಕಂತೆ ಕಲೈ ಇಳಮಣಿಯಿಂದ ಕಲೈ ಮುದುಮಣಿವರೆಗೆ ಐದು ಹಂತದ ಪ್ರಶಸ್ತಿ ಕೊಡುತ್ತವೆ. ಈ ಪ್ರಶಸ್ತಿ ಆಯಾ ಜಿಲ್ಲೆಯ ಕಲಾವಿದರಿಗೇ ಎಂದು ಮೊದಲೇ ಗೊತ್ತಾಗಿರುವುದರಿಂದ ಧರ್ಮಪುರಿಯ ಅರ್ಹತೆಯನ್ನು ಚೆನ್ನೈಯ ಅರ್ಹತೆಯ ಜೊತೆ ತೂಗುವ ಪ್ರಶ್ನೆಯೇ ಏಳುವುದಿಲ್ಲ. ಪ್ರಶಸ್ತಿಪತ್ರಕ್ಕೆ ಒಪ್ಪಿಕೊಂಡ ಈ ಕ್ರಮವನ್ನು ತಿಂಗಳ ಅನುದಾನಕ್ಕೂ ವಿಸ್ತರಿಸಲು ಹೊಸ ಕಾಯ್ದೆ ಬೇಕಿಲ್ಲ, ಸರ್ಕಾರಿ ಆದೇಶವೊಂದು ಸಾಕು. ಮುಂದಿನ ಸಲ ಮಂಜೂರಾತಿ ಪಟ್ಟಿ ಪ್ರಕಟಿಸುವಾಗ ಪ್ರತಿ ಜಿಲ್ಲೆಯ ಹೆಸರಿನ ಮುಂದೆ ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು ಎಂಬುದರ ಜೊತೆಗೆ, ಆ ಜಿಲ್ಲೆಯಲ್ಲಿ ಎಷ್ಟು ಮೇಳಗಳನ್ನು ಇಲಾಖೆಯ ಒಬ್ಬರಾದರೂ ಹೋಗಿ ನೋಡಿದರು ಎಂಬ ಅಂಕಣವೂ ಇರಲಿ. ಆ ಅಂಕಣ ಖಾಲಿ ಇರುವಷ್ಟು ಕಾಲ ಪ್ರದೇಶಗಳ ಅರ್ಹತೆಯ ಬಗ್ಗೆ ಮಾತಾಡುವ ಹಕ್ಕು ಇಲಾಖೆಗೂ ಇಲ್ಲ, ಸಮಿತಿಗೂ ಇಲ್ಲ.